ಕಾಲಿಗೆ ಕೊಟ್ಟ ನೀರು

ಸೀಗೆದೊಡ್ಡಿಯ ಭಾನುಪ್ರಿಯ ತನ್ನ ಇಪ್ಪತ್ತನಾಲ್ಕು ವರ್ಷದ ಬಾಳಿನಲ್ಲಿ ಯಾರಿಗೂ ದೊಡ್ಡ ಸುಳ್ಳು ಹೇಳಿದವಳಲ್ಲ. ಹೇಳಿದ್ದು ಒಂದೇ ಒಂದು, ಅದೂ ಬಾಯಿಂದಲ್ಲ, ಕಂಪ್ಯೂಟರಿನ ಎರಡು ಗುಂಡಿ ಒತ್ತಿ. ಆ ಎರಡು ಗುಂಡಿಯ ಸುಳ್ಳು ಎರಡು ಸಾವಿರದ ಒಂಬತ್ತರ ನವೆಂಬರಿನ ಒಂದು ಭಾನುವಾರ ಬಾಡಿಗೆ ಸುಮೋ ಹತ್ತಿಕೊಂಡು ಅವಳ ಮನೆ ಬಾಗಿಲಿಗೇ ಬರುವುದಿತ್ತು. ಬೆಳಗ್ಗೆ ಎದ್ದವಳೇ ಅವಳು ಮುಖ ತೊಳೆಯಲಿಲ್ಲ, ಕನ್ನಡಿ ನೋಡಲಿಲ್ಲ. ಅಂಗಳಕ್ಕೆ ಬಂದು, ತಂತಿಯ ಮೇಲೆ ಹಾಕಿದ್ದ ಅವ್ವನ ಸೀರೆ ಯಾವ ಕಡೆಗೆ ಹಾರುತ್ತಿದೆ ಎಂದು ನೋಡಿದಳು. ಸೀರೆ ಅಲ್ಲಾಡುತ್ತಿರಲಿಲ್ಲ.

"ಗಾಳಿ ಇಲ್ಲ ಕಣವ್ವ," ಎಂದಳು ಒಳಗೆ ತಿರುಗಿ.

"ಸದ್ಯ. ಒಂದ್ ಗಂಟೆ ಹೊತ್ಗಂಟ ಹಿಂಗೇ ಇದ್ಬುಟ್ರೆ ಸಾಕು," ಎಂದಳು ಬೈರಮ್ಮ. ಅವಳು ಆಗಲೇ ರವೆ ಹುರಿಯಲು ಕೂತಿದ್ದಳು.

ಹೆಣ್ಣು ನೋಡಲು ಬರುವ ದಿನ ಗಾಳಿಯನ್ನು ನೋಡುವ ಊರು ಇನ್ನೊಂದು ಇರಲಾರದು. ಸೀಗೆದೊಡ್ಡಿ ಇರುವುದು ಬೈರಮಂಗಲ ಕೆರೆಯ ಕೆಳಗೆ, ಕೋಡಿಯಿಂದ ಒಂದೂವರೆ ಮೈಲಿ ದೂರದಲ್ಲಿ. ಭಾನುಪ್ರಿಯಳ ತಾತನ ಕಾಲದಲ್ಲಿ ಹೊಲಕ್ಕೆ ಹೋದವರು ಕಾಲುವೆಗೆ ಬಗ್ಗಿ ಬೊಗಸೆಯಲ್ಲೇ ನೀರು ಕುಡಿದು ಬರುತ್ತಿದ್ದರಂತೆ. ಆಮೇಲೆ ಬೆಂಗಳೂರು ಬೆಳೆಯಿತು, ಬಿಡದಿಯ ಸುತ್ತ ಕಂಪನಿಗಳು ಎದ್ದವು, ಮೇಲಿನಿಂದ ಬರುವ ನೀರು ಕಪ್ಪಾಯಿತು. ಯಾವ ಬಡಾವಣೆಯದು, ಯಾವ ಫ್ಯಾಕ್ಟರಿಯದು ಎಂದು ಬೆರಳು ತೋರಿಸಲು ಊರವರಿಂದ ಆಗಲಿಲ್ಲ. ನೀರಿನ ಮೇಲೆ ಯಾರೂ ತಮ್ಮ ಹೆಸರು ಬರೆದು ಬಿಡುವುದಿಲ್ಲ. ಆ ಕಪ್ಪು ನೀರು ಕೋಡಿಯಲ್ಲಿ ಧುಮುಕಿದಾಗ ಮಾತ್ರ ಬೆಳ್ಳಗೆ ನೊರೆ ಎಬ್ಬಿಸುತ್ತಿತ್ತು. ಆಳುದ್ದದ ನೊರೆ. ದೂರದಿಂದ ನೋಡಿದರೆ ಯಾರೋ ಗಾಡಿಗಟ್ಟಲೆ ಹತ್ತಿ ತಂದು ಸುರಿದ ಹಾಗೆ. ಹತ್ತಿರ ಹೋದರೆ ಮೂಗು ಉರಿಯುತ್ತಿತ್ತು, ಮೈಗೆ ತಾಗಿದರೆ ಎರಡು ದಿನ ತುರಿಕೆ. ಗಾಳಿ ಬೀಸಿದ ದಿನ ನೊರೆಯ ಚೂರುಗಳು ಹಾರಿ ಬಂದು ಊರಿನ ಬೀದಿಯಲ್ಲೇ ಓಡಾಡುತ್ತಿದ್ದವು.

ಆ ನೀರಿನಲ್ಲಿ ಭತ್ತ ಬರೀ ಗರಿ ಬಿಟ್ಟು ಕಾಳು ಕಟ್ಟದೆ ಹೋದ ಮೇಲೆ ಭಾನುಪ್ರಿಯಳ ಅಪ್ಪ ಬೋರಲಿಂಗಯ್ಯ ಬೇಬಿ ಕಾರ್ನ್ ಹಾಕತೊಡಗಿದ. ಅದು ಹೇಗೋ ಬೆಳೆಯುತ್ತಿತ್ತು. ನೀರು ಕಟ್ಟಲು ಹೋಗಿ ಹೋಗಿ ಅವನ ಕಾಲ ಬೆರಳ ಸಂದಿಗಳು ಒಡೆದುಹೋಗಿದ್ದವು. ದಿನಾ ಸಂಜೆ ಜಗಲಿಯಲ್ಲಿ ಕೂತು ಬೇವಿನೆಣ್ಣೆ ಹಚ್ಚಿಕೊಳ್ಳುತ್ತಿದ್ದ. ಭಾನುಪ್ರಿಯ ಪಿಯುಸಿ ಮುಗಿಸಿ ಬಿಡದಿಯ ಒಂದು ಕಂಪನಿಗೆ ಸೇರಿದಳು. ಗಾಡಿಗಳೊಳಗೆ ಹಾಕುವ ವೈರುಗಳನ್ನು ಕಟ್ಟು ಮಾಡಿ ಟೇಪು ಸುತ್ತುವ ಕೆಲಸ. ಆರೂವರೆಗೆ ವ್ಯಾನು ಬರುತ್ತಿತ್ತು. ಕೆರೆ ಏರಿ ಬಂದಾಗ ಒಳಗಿದ್ದವರೆಲ್ಲ ಕಿಟಕಿ ಮುಚ್ಚಿ ಮೂಗಿಗೆ ದುಪಟ್ಟಾ ಹಿಡಿಯುತ್ತಿದ್ದರು, ಇವಳೊಬ್ಬಳು ಹಿಡಿಯುತ್ತಿರಲಿಲ್ಲ. ತನ್ನ ಊರಿನ ವಾಸನೆಗೆ ಬೇರೆಯವರ ಎದುರು ಮೂಗು ಮುಚ್ಚಲು ಅವಳಿಗೆ ನಾಚಿಕೆ. ಮುಚ್ಚದಿರಲೂ ನಾಚಿಕೆಯೇ.

ಅವಳಿಗೆ ಎರಡು ಸಂಬಂಧ ತಪ್ಪಿದ್ದವು. ಮೊದಲನೆಯವರು ಮಾಗಡಿ ಕಡೆಯ ಕೆಂಪಾಪುರದವರು. ಹುಡುಗನ ತಾಯಿ, ಇವರು ಕೊಟ್ಟ ನೀರನ್ನು ಬಾಯಿಗೆ ಹಾಕಿಕೊಂಡವಳು, ನುಂಗಲೂ ಆಗದೆ, ಅಲ್ಲೇ ಉಗಿಯಲೂ ಆಗದೆ, ಕೆನ್ನೆ ತುಂಬ ಹಿಡಿದುಕೊಂಡು ಎದ್ದು ಹೋಗಿ ತೆಂಗಿನ ಬುಡಕ್ಕೆ ಉಗಿದು ಬಂದಳು. ಎರಡನೆಯವರು ಚನ್ನಪಟ್ಟಣದವರು. ಅವರು ಊರಿನ ಹೆಸರು ಕೇಳಿದವರೇ ಬರಲೇ ಇಲ್ಲ. ಕೆಂಪಾಪುರದವಳು ವಾಪಸು ಕೊಟ್ಟ ಲೋಟವನ್ನು ಒಳಗೆ ತಂದಿಟ್ಟು ಭಾನುಪ್ರಿಯ ಬಾಗಿಲ ಹಿಂದೆ ನಿಂತು ಅತ್ತದ್ದು ಅವಳ ಅವ್ವನೊಬ್ಬಳಿಗೇ ಗೊತ್ತು.

ಆ ವರ್ಷದ ಜುಲೈನಲ್ಲಿ ಕಂಪನಿಯ ಗೆಳತಿ ಕವನ ಹೊಸ ಕ್ಯಾಮೆರಾ ಫೋನು ಹಿಡಿದು ಊರಿಗೆ ಬಂದಳು. ಮಳೆ ಬಿದ್ದು ಕೋಡಿ ನೊರೆಗಟ್ಟಿತ್ತು. ಏರಿಯ ಮೇಲೆ ನಿಂತ ಕವನ ಮೂಗು ಹಿಡಿದುಕೊಂಡೇ, "ಲೇ, ಫೋನಲ್ಲಿ ನೋಡೇ, ಮಂಜು ಬಿದ್ದಂಗೈತೆ!" ಎಂದಳು. ಇಬ್ಬರೂ ದುಪಟ್ಟಾ ಬದಲಾಯಿಸಿಕೊಂಡರು. ಭಾನುಪ್ರಿಯ ಉದ್ದಕ್ಕೆ ಒಂದು ಉಸಿರು ಎಳೆದು, ಕಟ್ಟಿಕೊಂಡು, ನೊರೆಗೆ ಬೆನ್ನು ಮಾಡಿ ನಿಂತು ನಕ್ಕಳು. ಮೂರು ಫೋಟೋ, ಒಂದೇ ಉಸಿರು. ಅದರಲ್ಲೊಂದು ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಅವಳಿಗೆ ತನ್ನನ್ನೇ ನಂಬಲಾಗಲಿಲ್ಲ. ಬೆನ್ನ ಹಿಂದೆ ಬೆಳ್ಳನೆಯ ಬೆಟ್ಟ, ಮುಂದೆ ನವಿಲು ಬಣ್ಣದ ದುಪಟ್ಟಾ, ಉಸಿರು ಕಟ್ಟಿದ್ದಕ್ಕೆ ಒಂಚೂರು ಉಬ್ಬಿದ ಕೆನ್ನೆ.

ಬಿಡದಿಯ ಸನಾವುಲ್ಲಾ ಅವರ ಸೈಬರ್ ಅಂಗಡಿಯಲ್ಲಿ ಭಾನುಪ್ರಿಯಳಿಗೆ, ಆಗಿನವರು ಫೋಟೋ ಹಾಕಿ ಸ್ನೇಹ ಮಾಡುತ್ತಿದ್ದ ಆರ್ಕುಟ್‌ನಲ್ಲಿ, ಒಂದು ಖಾತೆ ಇತ್ತು. ಭಾನುವಾರಕ್ಕೊಮ್ಮೆ ಅರ್ಧ ಗಂಟೆ ಅವಳು ಅಲ್ಲಿ ಸೀಗೆದೊಡ್ಡಿಯವಳಾಗಿರುತ್ತಿರಲಿಲ್ಲ. ಆ ಫೋಟೋ ಹಾಕಿದ ದಿನ ಸನಾವುಲ್ಲಾ ಹಿಂದಿನಿಂದ ಬಗ್ಗಿ ನೋಡಿ, "ಇದು ನಿಮ್ಮ ಕೆರೆ ಅಲ್ವೇನಮ್ಮ?" ಎಂದರು. ಅವಳು ತುಟಿಯ ಮೇಲೆ ಬೆರಳಿಟ್ಟಳು. ಅವರು ನಕ್ಕು ಆಚೆ ಹೋದರು.

ಜಯಕುಮಾರ ಸಿಕ್ಕಿದ್ದು ಆ ಫೋಟೋದ ಕೆಳಗೇ. ಕನಕಪುರದ ಬೈಕ್ ಶೋರೂಮಿನಲ್ಲಿ ಕೆಲಸ, ಮನೆ ಕೋಡಿಹಳ್ಳಿ ಕಡೆ. ಕವನಳಿಗೆ ಪರಿಚಯದವನು, ಇವರದೇ ಜನ. "ಸೂಪರ್ ಪ್ಲೇಸ್, ಊಟಿನಾ?" ಎಂದು ಬರೆದಿದ್ದ. ಭಾನುಪ್ರಿಯ ಅದಕ್ಕೆ ಎರಡು ಚುಕ್ಕಿ ಒಂದು ಕಂಸ ಸೇರಿಸಿ ಮಾಡುತ್ತಾರಲ್ಲ, ಆ ನಗುವಿನ ಗುರುತು ಒತ್ತಿದಳು. ಅವಳ ಸುಳ್ಳೆಂದರೆ ಇಷ್ಟೇ. ಮುಂದಿನ ವಾರ, "ನಿಮ್ಮೂರ ಹತ್ರಾನಾ?" ಎಂದು ಕೇಳಿದ. "ಹತ್ರಾನೇ" ಎಂದು ಬರೆದಳು. ಅದು ನಿಜವೇ ಆಗಿತ್ತು. ಅವನು ಯಾವುದೋ ಜಲಪಾತ ಎಂದುಕೊಂಡ. ನಿಮ್ಮ ಕೆನ್ನೆ ಚೆನ್ನಾಗಿದೆ ಎಂದ. ಊಟ ಆಯ್ತಾ ಎಂದ, ಶಿಫ್ಟು ಎಷ್ಟೊತ್ತಿಗೆ ಬಿಡ್ತಾರೆ ಎಂದ, ಜ್ವರ ಬಂದಿದ್ದ ವಾರ ಮೂರು ಸಲ ವಿಚಾರಿಸಿದ. ಅವಳನ್ನು ಯಾರೂ ಹಾಗೆ ವಿಚಾರಿಸಿಕೊಂಡಿರಲಿಲ್ಲ. ಅವಳಿಗೆ ಹುಡುಗ ಇಷ್ಟವಾಗಿಬಿಟ್ಟ, ಅದನ್ನು ಮುಚ್ಚಿಡುವುದೇಕೆ. ಅವನೇ ಮನೆಯಲ್ಲಿ ಹೇಳಿ ಅಜ್ಜಿಯನ್ನು ಒಪ್ಪಿಸಿ ಹೆಣ್ಣು ನೋಡುವ ದಿನ ಗೊತ್ತು ಮಾಡಿಸಿದ. ನಿಜ ಹೇಳಿಬಿಡಬೇಕು ಎಂದು ಅವಳು ನಾಲ್ಕು ಭಾನುವಾರ ಸೈಬರ್ ಅಂಗಡಿಗೆ ಹೋದಳು, ನಾಲ್ಕು ಭಾನುವಾರವೂ ಬೇರೆ ಏನೋ ಬರೆದು ಎದ್ದು ಬಂದಳು.

ಬೈರಮ್ಮ ಈ ಸಲ ಸುಮ್ಮನೆ ಕೂರುವವಳಲ್ಲ. ಹಿಂದಿನ ದಿನವೇ ಗಂಡನನ್ನು ಟಿವಿಎಸ್ ಮೊಪೆಡ್ಡಿನಲ್ಲಿ ಬಿಡದಿಗೆ ಎರಡೆರಡು ಸಲ ಓಡಿಸಿ ನಾಲ್ಕು ಕ್ಯಾನು ನೀರು ತರಿಸಿದಳು. ಕುಡಿಯಲು ಒಂದು, ಅಡುಗೆಗೆ ಒಂದು, ಕೈಗೆ ಒಂದು, ಕಾಲಿಗೆ ಒಂದು. ಬಂದವರಿಗೆ ಬಾಗಿಲಲ್ಲಿ ಚೊಂಬು ತುಂಬ ಕಾಲಿಗೆ ನೀರು ಕೊಡದೆ ಒಳಗೆ ಕರೆಯುವ ಹಾಗಿಲ್ಲ. ಆ ಊರಿನಲ್ಲಿ ಮರ್ಯಾದೆ ಶುರುವಾಗುವುದೇ ಅಲ್ಲಿಂದ. ಕ್ಯಾನುಗಳನ್ನು ಹಂಡೆಗೆ, ಕೊಡಕ್ಕೆ ಬಗ್ಗಿಸಿ, ಖಾಲಿಯಾದವನ್ನು ಸೌದೆ ಕೋಣೆಗೆ ನೂಕಿ ಮೇಲೆ ಗೋಣಿಚೀಲ ಹೊದಿಸಿದಳು.

"ಇದು ಮೋಸ ಮಾಡ್ದಂಗಾಯ್ತದೆ ಕಣಮ್ಮಿ," ಎಂದ ಬೋರಲಿಂಗಯ್ಯ.

"ಒಳ್ಳೆ ನೀರ್ ಕೊಡೋದು ಮೋಸನಾ? ನಮ್ ನೀರು ಒಂದ್ ತೊಟ್ಟು ಅವ್ರ ಮೈ ಸೋಕ್ಬಾರ್ದು, ಅಷ್ಟೇಯ," ಎಂದು ಅವಳು ಮಗಳ ಕಡೆ ತಿರುಗಿದಳು. "ನೀನೂ ಅಷ್ಟೇ. ತಾಳಿ ಬೀಳೋಗಂಟ ಬಾಯ್ ಬುಡ್ಬ್ಯಾಡ. ಮದ್ವೆ ಆದ್ಮೇಲೆ ನೀನ್ ಹೋಗದು ಅಲ್ಲಿಗೆ, ಅವ್ರು ಬರದು ಇಲ್ಲಿಗಲ್ಲ."

ಭಾನುಪ್ರಿಯ ಹೂಂ ಎಂದಳು.

ಹನ್ನೊಂದಕ್ಕೆ ಸುಮೋ ಬಂತು, ಕನಕಪುರದ ಕಡೆಯಿಂದ, ಕೆರೆ ಏರಿಯನ್ನು ಮುಟ್ಟದ ದಾರಿಯಲ್ಲಿ. ಮುಂದೆ ಜಯಕುಮಾರ, ಫೋಟೋದಲ್ಲಿದ್ದ ಹಾಗೆಯೇ ಇದ್ದ, ಒಂಚೂರು ಕುಳ್ಳ ಅಷ್ಟೇ. ಹಿಂದೆ ಅವನ ದೊಡ್ಡಪ್ಪ. ಕೊನೆಗೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಇಳಿದವಳು ಅಂಕಮ್ಮ, ಅಜ್ಜಿ. ತಾಯಿಯಿಲ್ಲದ ಮೊಮ್ಮಗನನ್ನು ಸಾಕಿದವಳು ಅವಳೇ, ಹೌದು ಅಲ್ಲ ಎನ್ನುವ ಕೊನೆಯ ಮಾತೂ ಅವಳದೇ ಎಂದು ಕವನ ಮೊದಲೇ ಹೇಳಿದ್ದಳು. ಎಪ್ಪತ್ತರ ಮೇಲಿನ ವಯಸ್ಸು, ಸೊಂಟ ಬಾಗಿಲ್ಲ, ಕಣ್ಣು ಎಲ್ಲ ಕಡೆ. ಬೈರಮ್ಮ ಚೊಂಬು ಕೊಟ್ಟಳು. ಅಂಕಮ್ಮ ಒಂದೊಂದೇ ಕಾಲನ್ನು ಉಜ್ಜಿ ತೊಳೆದು, ಉಳಿದ ನೀರಿನಲ್ಲಿ ಕಣ್ಣು ಒರೆಸಿಕೊಂಡಳು.

"ನೀರು ತಣ್ಣಗೈತೆ. ಬಾವೀದಾ ತಾಯಿ?"

"ಬೋರ್ದು ಕಣವ್ವ," ಎಂದಳು ಬೈರಮ್ಮ, ರೆಪ್ಪೆ ಹೊಡೆಯದೆ.

ಭಾನುಪ್ರಿಯ ತಟ್ಟೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ತಂದಿಟ್ಟಳು. ಒಂದು ಚಮಚ ಜಾರಿ ಕೆಳಗೆ ಬಿತ್ತು. ಜಯಕುಮಾರ ಬಗ್ಗಿ ಎತ್ತಿಕೊಟ್ಟು ನಕ್ಕ. ಆ ನಗೆಗೆ ಅವಳ ಜೀವ ಒಂದು ಗಳಿಗೆ ತಣ್ಣಗಾಯಿತು. ಎಲ್ಲ ಸರಿಹೋಗುತ್ತದೆ ಎನ್ನಿಸಿತು. ದೊಡ್ಡಪ್ಪ ಜಮೀನು ಕೇಳಿದ, ಬೋರಲಿಂಗಯ್ಯ ಹೇಳಿದ. ಅಂಕಮ್ಮ ಕಂಪನಿಯಲ್ಲಿ ಏನು ಕೆಲಸ ಎಂದು ಕೇಳಿದಳು, ಇವಳು ಹೇಳಿದಳು. ಅಷ್ಟರಲ್ಲಿ ಜಯಕುಮಾರ ತಟ್ಟೆ ಕೆಳಗಿಟ್ಟು ಜೇಬಿನಿಂದ ಫೋನು ತೆಗೆದ.

"ಮಾವ, ಈ ಜಾಗ ಇಲ್ಲೇ ಹತ್ರ ಅಂತಲ್ಲ? ಒಸಿ ನೋಡ್ಕಂಡ್ ಬರಾಣಾ? ಒಂದ್ ಫೋಟೋ ತಕ್ಕಬೇಕು."

ಫೋನಿನ ಅಂಗೈಯಗಲದ ಗಾಜಿನಲ್ಲಿ ಭಾನುಪ್ರಿಯ ನಗುತ್ತಿದ್ದಳು. ಬೋರಲಿಂಗಯ್ಯ ಫೋಟೋ ನೋಡಿದ. ಮಗಳು ಅಲ್ಲಿ ನಿಂತು ಫೋಟೋ ತೆಗೆಸಿಕೊಂಡದ್ದು ಅವನಿಗೆ ಆ ಹೊತ್ತಿನವರೆಗೆ ಗೊತ್ತಿರಲಿಲ್ಲ. ಬೈರಮ್ಮ ಅಡುಗೆಮನೆ ಬಾಗಿಲಿನಿಂದ ಬೇಡ ಬೇಡ ಎಂದು ಕಣ್ಣು ಆಡಿಸುತ್ತಿದ್ದಳು. ಅವನು ಹೆಂಡತಿಯ ಮುಖ ನೋಡಿದ, ಮಗಳ ಮುಖ ನೋಡಿದ, ಕೊನೆಗೆ ತನ್ನ ಒಡೆದ ಕಾಲುಗಳನ್ನು ನೋಡಿಕೊಂಡ.

"ಬಾ ಮಗ, ತೋರಿಸ್ತೀನಿ," ಎಂದು ಎದ್ದ.

ದೊಡ್ಡಪ್ಪನೂ ಹೊರಟ. ಸುಮೋ ಬೀದಿ ತಿರುಗಿತು. ಮನೆಯಲ್ಲಿ ಮೂವರು ಹೆಂಗಸರು ಉಳಿದರು.

ಅದೇ ಹೊತ್ತಿಗೆ ತಂತಿಯ ಮೇಲಿನ ಸೀರೆ ಅಲ್ಲಾಡಿತು. ಭಾನುಪ್ರಿಯ ಕಿಟಕಿಯಿಂದ ನೋಡಿದಳು. ಮೊದಲು ಸೆರಗು ಮಾತ್ರ ಎದ್ದಿತು, ಆಮೇಲೆ ಇಡೀ ಸೀರೆ ಮನೆಯ ಕಡೆಗೆ ಉಬ್ಬಿಕೊಂಡಿತು. ಬೈರಮ್ಮ ಓಡಿಹೋಗಿ ದೇವರ ಮುಂದೆ ಎರಡು ಊದುಬತ್ತಿ ಹಚ್ಚಿದಳು, ಸಾಲದೆಂದು ಇನ್ನೆರಡು ಹಚ್ಚಿದಳು. ಅಂಕಮ್ಮನ ಮೂಗಿನ ಹೊಳ್ಳೆ ಒಮ್ಮೆ ಅಗಲವಾಯಿತು. ಅವಳು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. ತೆರೆದ ಬಾಗಿಲಿನಾಚೆ, ಬೆಳಗ್ಗೆ ಬಿಟ್ಟ ರಂಗೋಲಿಯ ಮೇಲೆ ಬೆಳ್ಳನೆಯದೊಂದು ಚೂರು ಬಂದು ಕೂತಿತು. ಕೂತಲ್ಲೇ ನಡುಗುತ್ತಿತ್ತು. ಹಿಂದೆಯೇ ಇನ್ನೊಂದು ಬಂತು.

"ಏನದು, ಹತ್ತಿನಾ?" ಎಂದಳು ಅಂಕಮ್ಮ.

"ಬೂರುಗದ್ದು ಕಣವ್ವ. ಊರಾಚೆ ಮರ ಐತೆ," ಎಂದಳು ಬೈರಮ್ಮ.

ಅಂಕಮ್ಮ ಅಗಿಯುವುದನ್ನು ನಿಲ್ಲಿಸಿದಳು. "ಕಾರ್ತೀಕದಲ್ಲಿ ಬೂರುಗ ಒಡೀತದಾ ತಾಯಿ ನಿಮ್ ಕಡೆ?"

ಬೇಸಿಗೆಯಲ್ಲಿ ಒಡೆಯುವ ಕಾಯಿ ಅದು. ಎಪ್ಪತ್ತು ವರ್ಷ ಮಣ್ಣಿನಲ್ಲಿ ಓಡಾಡಿದವಳಿಗೆ ಯಾರು ಏನು ಹೇಳಿ ನಂಬಿಸುವುದು? ಊದುಬತ್ತಿಯ ಹೊಗೆಯೊಳಗೆ ಆ ಇನ್ನೊಂದು ವಾಸನೆ ನಿಧಾನವಾಗಿ ಬಂದು ಸೇರಿಕೊಂಡಿತು.

ಅಂಕಮ್ಮ ಮಂಡಿಯ ಮೇಲೆ ಕೈಯೂರಿ ಎದ್ದಳು. "ನಡಿಯವ್ವ ಮಗ, ದನ ತೋರ್ಸು."

ಕೊಟ್ಟಿಗೆಯಲ್ಲಿ ಒಂದು ಸೀಮೆ ಹಸು, ಒಂದು ನಾಟಿ ಹಸು. ಕೋಡಿಹಳ್ಳಿ ಕಡೆಯವರು ದನ ನೋಡುವುದೆಂದರೆ ಸಂತೆಯಲ್ಲಿ ನಿಂತ ಹಾಗೆಯೇ. ಅಂಕಮ್ಮ ಬೆನ್ನು ಸವರಿದಳು, ಕಿವಿ ಮಡಿಸಿ ನೋಡಿದಳು, ಕುಕ್ಕುರುಗಾಲಲ್ಲಿ ಕೂತು ಗೊರಸಿನ ಮೇಲಿನ ಚರ್ಮ ಬಿಡಿಸಿ ನೋಡಿದಳು. ಅಲ್ಲಿ ಕೆಂಪಗಿತ್ತು. ಕೇಳಿದರೆ ಏನು ಹೇಳಲಿ ಎಂದು ಭಾನುಪ್ರಿಯ ಮನಸ್ಸಿನಲ್ಲೇ ಹುಡುಕುತ್ತಿದ್ದಳು. ಅಂಕಮ್ಮ ಕೇಳಲಿಲ್ಲ. ಎದ್ದು, ಸಗಣಿಯಾದ ಕೈ ತೊಳೆಯಲು ಮೂಲೆಯ ಕಲ್ಲುಬಾನಿಯ ಹತ್ತಿರ ಹೋದಳು.

ಬೈರಮ್ಮ ಎಲ್ಲವನ್ನೂ ಯೋಚಿಸಿದ್ದಳು, ಇದೊಂದನ್ನು ಬಿಟ್ಟು. ರೈತರ ಮನೆಯ ಹಳೆಯ ಹೆಂಗಸು ಕೈ ತೊಳೆಯಲು ಬಚ್ಚಲು ಹುಡುಕುವುದಿಲ್ಲ, ದನದ ಬಾನಿಗೆ ಹೋಗುತ್ತಾಳೆ. ದನಕ್ಕೆ ಕೊಡುವ ನೀರು ತನಗೂ ಆಗುತ್ತದೆ ಎನ್ನುವುದು ಅವಳಿಗೆ ಹುಟ್ಟಿನಿಂದ ಬಂದ ನಂಬಿಕೆ. ಆ ಬಾನಿಗೆ ಕಾಲುವೆಯ ನೀರನ್ನು ಮೋಟಾರಿನಿಂದ ಬಿಟ್ಟಿದ್ದರು. ಮೂಲೆಯ ಕತ್ತಲಲ್ಲಿ ಅದರ ಬಣ್ಣ ಕಾಣುತ್ತಿರಲಿಲ್ಲ, ಸಗಣಿ ಗಂಜಲದ ನಾತದಲ್ಲಿ ಅದರ ವಾಸನೆಯೂ ಬೇರೆಯಾಗಿ ತಿಳಿಯುತ್ತಿರಲಿಲ್ಲ.

ಅಂಕಮ್ಮ ಕೈ ಅದ್ದಿ ತೊಳೆದಳು. ಭಾನುಪ್ರಿಯ ಏನೂ ಹೇಳಲಿಲ್ಲ. ಕೈ ತಾನೇ, ಸ್ವಲ್ಪ ತುರಿಸಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಅಂಕಮ್ಮ ಅಗಿಯುತ್ತಿದ್ದ ಎಲೆಯನ್ನು ಪಕ್ಕಕ್ಕೆ ಉಗಿದಳು. ಬಾಯಿ ಮುಕ್ಕಳಿಸಲು ಮತ್ತೆ ಬಗ್ಗಿದಳು. ಬೊಗಸೆ ತುಂಬಿತು, ಬೊಗಸೆ ಮೇಲೆದ್ದಿತು, ಮುಖದ ಹತ್ತಿರ ಬಂತು. ಸುಮ್ಮನಿದ್ದರೆ ಒಂದು ಗಳಿಗೆಯ ಮಾತು. ಮುದುಕಿ ಉಗಿಯಬಹುದು, ಗೊತ್ತೇ ಆಗದೆಯೂ ಹೋಗಬಹುದು. ಸುಮ್ಮನಿದ್ದರೆ ಜಯಕುಮಾರ.

"ಬ್ಯಾಡ ಅಜ್ಜಿ!"

ಅವಳು ಕೂಗಿದ್ದು ಅವಳಿಗೇ ಕೇಳಿಸಲಿಲ್ಲ. ಓಡಿಹೋಗಿ ಮುದುಕಿಯ ಎರಡೂ ಮಣಿಕಟ್ಟು ಹಿಡಿದು ಎಳೆದಿದ್ದಳು. ನೀರು ಇಬ್ಬರ ಸೀರೆಯ ಮೇಲೂ ಚೆಲ್ಲಿತು. ಹಸುಗಳು ಬೆದರಿ ಹಗ್ಗ ಜಗ್ಗಿದವು. ಬೈರಮ್ಮ ಹಿತ್ತಿಲ ಬಾಗಿಲಿಗೆ ಬಂದವಳು ಅಲ್ಲೇ ಹಣೆಗೆ ಕೈ ಹಚ್ಚಿ ಕೂತುಬಿಟ್ಟಳು.

"ಏನಾಯ್ತೇ ಮಗ?" ಎಂದಳು ಅಂಕಮ್ಮ, ಗಾಬರಿಯಾಗಿ.

"ಅದು ಕೆರೆ ನೀರು ಅಜ್ಜಿ. ಬಾಯಿಗೆ ಹಾಕ್ಬ್ಯಾಡಿ." ಒಂದು ಮಾತು ಹೊರಬಿದ್ದ ಮೇಲೆ ಉಳಿದದ್ದನ್ನು ತಡೆಯಲು ಅವಳಿಂದ ಆಗಲಿಲ್ಲ. "ನಿಮ್ ಕಾಲಿಗೆ ಕೊಟ್ಟಿದ್ದು ಬಿಡದಿಯಿಂದ ತಂದ ಕ್ಯಾನ್ ನೀರು. ನಮ್ ಬೋರ್ ನೀರೂ ಚೆನ್ನಾಗಿಲ್ಲ. ಅಂಗಳಕ್ಕೆ ಬಂದಿದ್ದು ಹತ್ತಿ ಅಲ್ಲ, ಕೆರೆ ನೊರೆ. ಫೋಟೋದಲ್ಲಿರೋದೂ ಅದೇಯ. ನಾನ್ ಯಾವ ಊಟಿನೂ ನೋಡಿಲ್ಲ ಅಜ್ಜಿ. ನಿಮ್ ಮೊಮ್ಮಗ ಕೇಳ್ದಾಗ ನಾನ್ ಹೇಳ್ಲಿಲ್ಲ, ತಪ್ಪು ನಂದೇ. ನಮ್ಮವ್ವನ್ನ ಏನೂ ಅನ್ಬ್ಯಾಡಿ."

ಅಳು ಬರಲಿಲ್ಲ ಅವಳಿಗೆ. ಒಳಗೆ ಹೋಗಿ ಕ್ಯಾನಿನ ನೀರು ತಂದು, ಮುದುಕಿಯ ಕೈಗಳನ್ನು ಮೊಣಕೈತನಕ ತೊಳೆದು, ಸೆರಗಿನಿಂದ ಒರೆಸಿ, ಅಪ್ಪನ ಬೇವಿನೆಣ್ಣೆ ಹಚ್ಚಿದಳು. ಅಂಕಮ್ಮ ಮಗುವಿನ ಹಾಗೆ ಕೈ ಚಾಚಿಕೊಂಡು ನಿಂತಿದ್ದಳು.

"ನಮ್ ಕಡೆ ದನ ಮೂಸಿ ಬುಟ್ಬುಟ್ಟ ನೀರ ನಾವು ಮುಟ್ಟಾಕಿಲ್ಲ," ಎಂದಳು. "ನಿಮ್ ದನ ಎಂಗ್ ಕುಡೀತವೆ ಮಗ ಇದ?"

"ಅವುಕ್ಕೆ ಬ್ಯಾರೆ ನೀರು ಗೊತ್ತಿಲ್ಲ ಅಜ್ಜಿ."

ಸುಮೋ ವಾಪಸು ಬಂದ ಸದ್ದಾಯಿತು. ಜಯಕುಮಾರ ಕೆಳಗಿಳಿಯಲೇ ಇಲ್ಲ. ಮೂಗಿಗೆ ಕರ್ಚೀಫು ಕಟ್ಟಿಕೊಂಡು ಮುಂದಿನ ಸೀಟಿನಲ್ಲೇ ಕೂತಿದ್ದ, ಹೊಸ ಶೂಗಳ ಮೇಲೆ ಬಿಳಿಯದು ಒಣಗುತ್ತಿತ್ತು. ದೊಡ್ಡಪ್ಪ ಹೊತ್ತಾಯಿತು ಎಂದ. ಬೋರಲಿಂಗಯ್ಯ ನೀರು ಬೇಕೇ ಎಂದು ಕೇಳಿದ್ದಕ್ಕೆ ಹುಡುಗ ಕೈಯಲ್ಲೇ ಬೇಡವೆಂದ. ಬಾಗಿಲಲ್ಲಿ ನಿಂತ ಭಾನುಪ್ರಿಯಳ ಕಡೆ ಅವನು ತಿರುಗಲಿಲ್ಲ. ಅಷ್ಟು ವಾರ ಊಟ ಆಯ್ತಾ ಎಂದು ಕೇಳುತ್ತಿದ್ದವನು ಹೋಗಿಬರುತ್ತೇನೆ ಎಂದೂ ಹೇಳಲಿಲ್ಲ. ಅಂಕಮ್ಮ ಮಾತ್ರ ಗಾಡಿಯ ತನಕ ಹೋದವಳು ಹಿಂದಕ್ಕೆ ಬಂದಳು.

"ಒಂದ್ ಲೋಟ ನೀರ್ ಕೊಡವ್ವ, ಆ ಕ್ಯಾನಿಂದೇಯ," ಎಂದಳು. ನಿಂತಲ್ಲೇ ಪೂರ್ತಿ ಕುಡಿದು ಲೋಟವನ್ನು ಹುಡುಗಿಯ ಕೈಗೇ ಕೊಟ್ಟಳು. "ನೀರು ಕೆಟ್ಟೈತೆ, ನೀನ್ ಕೆಟ್ಟಿಲ್ಲ. ಬತ್ತೀನಿ ಕಣ್ಮಗ."

ನಾಲ್ಕನೆಯ ದಿನ ದೊಡ್ಡಪ್ಪನ ಫೋನು ಬಂತು. ಮುದುಕಿ ಒಪ್ಪಿದ್ದಳಂತೆ, ಇದೇ ಹುಡುಗಿಯನ್ನು ತರೋಣ ಎಂದು ಹಟ ಹಿಡಿದಿದ್ದಳಂತೆ. "ಹುಡ್ಗನೇ ಒಲ್ಲೆ ಅಂತಾವ್ನೆ ಕಣಪ್ಪ. ನಿಮ್ ಹುಡ್ಗಿ ಮ್ಯಾಲೆ ಏನಿಲ್ಲ. ಆ ಊರಿಗೆ ನಂಟಸ್ತನ ಅಂತ ಯೋಳ್ಕಳಕ್ಕೆ ಆಗಾಕಿಲ್ಲ ಅಂತಾನೆ," ಎಂದ.

ಬೈರಮ್ಮ ಎರಡು ದಿನ ಮಗಳ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಮಾತಾಡಿದ್ದು, "ನೀನ್ ಆ ಕೈ ಹಿಡೀದಿದ್ರೆ ಏನೂ ಆಯ್ತಿರ್ಲಿಲ್ಲ," ಎಂದು. ಬೋರಲಿಂಗಯ್ಯ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದವನು ತಲೆ ಎತ್ತದೆ, "ಹಿಡೀದೆ ಇದ್ದಿದ್ರೆ ನಾನ್ ಇವಳನ್ನ ಮಾತಾಡಿಸ್ತಿರ್ಲಿಲ್ಲ," ಎಂದ. ಅಷ್ಟಕ್ಕೆ ಆ ಮಾತು ಆ ಮನೆಯಲ್ಲಿ ನಿಂತಿತು. ಭಾನುಪ್ರಿಯಳಿಗೆ ಅವ್ವನ ಮೇಲೆ ಸಿಟ್ಟು ಬರಲಿಲ್ಲ. ಊರನ್ನು ಒಂದು ದಿನದ ಮಟ್ಟಿಗೆ ಬಚ್ಚಿಟ್ಟುಕೊಳ್ಳಲು ತಾಯಿ ಗೋಣಿಚೀಲ ಹೊದಿಸಿದಳು, ತಾನು ಫೋಟೋ ತೆಗೆಸಿಕೊಂಡೆ, ಎರಡೂ ಒಂದೇ ಎಂದುಕೊಂಡಳು.

ಭಾನುವಾರ ಅವಳು ಬಿಡದಿಗೆ ಹೋದಳು. ಸನಾವುಲ್ಲಾ ಮೂಲೆಯ ಕಂಪ್ಯೂಟರ್ ತೋರಿಸಿ, "ಮದುವೆ ಮಾತು ಏನಾಯ್ತಮ್ಮ?" ಎಂದರು. ಅವಳು ತಲೆ ಅಲ್ಲಾಡಿಸಿದಳು. ಅವರು ಮುಂದೆ ಕೇಳಲಿಲ್ಲ, ಫ್ಯಾನನ್ನು ಅವಳ ಕಡೆಗೆ ತಿರುಗಿಸಿ ಹೋದರು.

ಖಾತೆ ತೆರೆದಾಗ ಮೊದಲು ಕಂಡದ್ದೇ ಜಯಕುಮಾರನ ಹೊಸ ಫೋಟೋ. ಎರಡು ಕೈ ಚಾಚಿ, ಕಪ್ಪು ಕನ್ನಡಕ ಹಾಕಿ, ಬೆಳ್ಳನೆಯ ಬೆಟ್ಟಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಕೆಳಗೆ 'ನೇಚರ್ ಈಸ್ ಮೈ ಲವ್' ಎಂದಿತ್ತು. ಮೂವತ್ತೆಂಟು ಜನ ಬರೆದಿದ್ದರು. ಎಲ್ಲಿ ಮಚ್ಚಾ, ಕಾಶ್ಮೀರಾನಾ? ಬಾಸ್, ಸೂಪರ್. ಲೇ ನಮ್ಮನ್ನ ಬಿಟ್ಟು ಹೋಗ್ಬುಟ್ಯಾ. ಅದಕ್ಕೆಲ್ಲ ಜಯಕುಮಾರನ ಉತ್ತರ ಒಂದೇ. ಎರಡು ಚುಕ್ಕಿ, ಒಂದು ಕಂಸ.

ಭಾನುಪ್ರಿಯ ಪರದೆಗೆ ಮುಖ ಹತ್ತಿರ ತಂದು ನೋಡಿದಳು. ಅವನ ಕೆನ್ನೆಗಳು ಒಂಚೂರು ಉಬ್ಬಿದ್ದವು.

ಅವಳ ಮೈಯೆಲ್ಲ ಬಿಸಿಯಾಯಿತು. ಊರು ಬೇಡ, ಊರಿನ ಹುಡುಗಿ ಬೇಡ, ಬಾಗಿಲಲ್ಲಿ ಕೊಟ್ಟ ಒಳ್ಳೆ ನೀರೂ ಬೇಡ, ಊರಿನ ನೊರೆ ಮಾತ್ರ ಬೇಕು. ಕೂಡಲೇ ಅವನ ಫೋಟೋದ ಕೆಳಗೆ ಬರೆಯಲು ಕೈ ಹೋಯಿತು, ಅರ್ಧಕ್ಕೆ ನಿಂತಿತು. ತನ್ನದು ಹಾಗೇ ಇರುವಾಗ ಅವನನ್ನು ಯಾವ ಬಾಯಲ್ಲಿ ಕೇಳುವುದು? ಅವಳು ಹಿಂದಕ್ಕೆ ಹೋಗಿ ತನ್ನ ಫೋಟೋ ತೆರೆದಳು. ಫೋಟೋದ ವಿವರ ಬರೆಯಲು ಬಿಟ್ಟಿದ್ದ, ನಾಲ್ಕು ತಿಂಗಳಿಂದ ಖಾಲಿಯಿದ್ದ ಜಾಗದಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು: 'ಇದು ಮಂಜಲ್ಲ. ಬೈರಮಂಗಲ ಕೆರೆಯ ನೊರೆ. ತುಂಬ ವಾಸನೆ. ನಾನು ಉಸಿರು ಕಟ್ಟಿಕೊಂಡು ನಕ್ಕಿದ್ದೇನೆ.' ಅದಾದ ಮೇಲೆ ಜಯಕುಮಾರನ ಫೋಟೋಗೆ ಹೋಗಿ ಮೂವತ್ತೆಂಟು ಮಾತಿನ ಕೆಳಗೆ ಒಂದು ಮಾತು ಬರೆದಳು: 'ನೀವು ಎಷ್ಟು ಹೊತ್ತು ಉಸಿರು ಕಟ್ಟಿದ್ರಿ?'

ಮುಂದಿನ ಭಾನುವಾರ ಬಂದು ನೋಡಿದರೆ ಅವಳ ಮಾತು ಅಲ್ಲಿರಲಿಲ್ಲ, ಅಳಿಸಿದ್ದ. ಸ್ನೇಹಿತರ ಪಟ್ಟಿಯಿಂದ ಅವನ ಹೆಸರು ಹೋಗಿತ್ತು. ಫೋಟೋ ಇದ್ದ ಹಾಗೆಯೇ ಇತ್ತು, ಮೆಚ್ಚಿ ಬರೆದವರು ಐವತ್ತು ದಾಟಿದ್ದರು. ಅವಳದೇ ಫೋಟೋದ ಕೆಳಗೆ, ನಿಜ ಬರೆದಿದ್ದಕ್ಕೆ, ಯಾರೋ ಮೈಸೂರಿನವನೊಬ್ಬ ಉತ್ತರ ಕೊಟ್ಟಿದ್ದ. 'ಸುಮ್ನೆ ಡೌ ಮಾಡ್ಬೇಡಿ ಮೇಡಂ, ಇಷ್ಟು ಚೆನ್ನಾಗಿರೋದು ಕೊಳಚೆ ಹೇಗಾಗುತ್ತೆ? ಪಕ್ಕಾ ಸ್ನೋ ಇದು.'

ಸನಾವುಲ್ಲಾ ಬಂದು ಅರ್ಧ ಗಂಟೆ ಮುಗಿಯಿತು ಎಂದರು. "ಒಂದೇ ನಿಮಿಷ ಅಣ್ಣ," ಎಂದಳು. ಬೆರಳು ಅಭ್ಯಾಸಬಲದಿಂದ ಆ ಎರಡು ಚುಕ್ಕಿಯ ಗುಂಡಿಯ ಮೇಲೆ ಹೋಗಿ ಕೂತಿತ್ತು. ಅದನ್ನು ಎತ್ತಿಕೊಂಡು, ನಿಧಾನವಾಗಿ, ಒಂದು ಅಕ್ಷರವೂ ತಪ್ಪದ ಹಾಗೆ ಬರೆದಳು.

'ನಮ್ಮನೆಗೆ ಬನ್ನಿ ಸರ್. ಕಾಲಿಗೆ ಇದೇ ನೀರು ಕೊಡ್ತೀನಿ.'